ಕಂಡೂ ಕಾಣದ್ದು

ಎಂಟನೆಯ ತರಗತಿಗೆ ವಾಯುಮಂಡಲದ ಪಾಠ ಮಾಡುವಾಗ ಓಝೋನ್ ಪದರದ ಮಾತು ಬರುತ್ತದೆ. ನಮ್ಮ ತಲೆಯ ಮೇಲಿರುವ ಓಝೋನನ್ನೆಲ್ಲ ನೆಲಕ್ಕೆ ಇಳಿಸಿ ಹಾಸಿದರೆ ಅದು ಸುಮಾರು 3 ಮಿಲಿಮೀಟರ್, ಅಂದರೆ ಒಂದು ಅಕ್ಕಿರೊಟ್ಟಿಯಷ್ಟು ದಪ್ಪವಾದೀತು ಎಂದು ಪ್ರತಿ ವರ್ಷವೂ ಹೇಳುತ್ತೇನೆ. ಅಷ್ಟು ತೆಳುವಾದ ಹೊದಿಕೆಯೇ ಸೂರ್ಯನ ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುತ್ತಿದೆ ಎಂದಾಗ ಮಕ್ಕಳು ಕಿಟಕಿಯಾಚೆ ಆಕಾಶ ನೋಡುತ್ತಾರೆ. ಅಂಟಾರ್ಕ್ಟಿಕದ ಮೇಲೆ ಆ ಹೊದಿಕೆ ತೂತಾದದ್ದನ್ನು 1985ರಲ್ಲಿ ನೆಲದ ಮೇಲೆ ನಿಂತು ಅಳೆಯುತ್ತಿದ್ದ ಬ್ರಿಟಿಷ್ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದರು ಎಂದು ಈ ಸಲ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಮೇಲೆ ಉಪಗ್ರಹ ಇತ್ತಲ್ವಾ? ಅದಕ್ಕೆ ಕಾಣಿಸಲಿಲ್ವಾ?" ಎಂದು ಕೇಳಿದಳು.

ಇತ್ತು. ಕಂಡೂ ಇತ್ತು. ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ.

ಅಮೆರಿಕದ ನಿಂಬಸ್-7 ಉಪಗ್ರಹ 1978ರ ಅಕ್ಟೋಬರಿನಲ್ಲೇ ಮೇಲೇರಿತ್ತು. ಭೂಮಿಯ ಕಡೆಯಿಂದ ಮರಳಿ ಬರುವ ನೇರಳಾತೀತ ಬೆಳಕನ್ನು ಅಳೆದು, ಎಲ್ಲೆಲ್ಲಿ ಎಷ್ಟು ಓಝೋನ್ ಇದೆಯೆಂದು ತಿಳಿಸುವ ಉಪಕರಣ ಅದರಲ್ಲಿತ್ತು. ಓಝೋನಿನ ಲೆಕ್ಕಕ್ಕೆ ಡಾಬ್ಸನ್ ಎಂಬ ಮಾನವಿದೆ. 300 ಡಾಬ್ಸನ್ ಎಂದರೆ ನಾನು ಹೇಳಿದ ಆ 3 ಮಿಲಿಮೀಟರ್. ಲೆಕ್ಕ 180ಕ್ಕಿಂತ ಕೆಳಗಿಳಿಯಬಹುದೆಂದು ಯಾರೂ ಎಣಿಸಿರಲಿಲ್ಲ. ಹಾಗಾಗಿ ಅದಕ್ಕಿಂತ ಕಡಿಮೆಯ ಅಂಕಿ ಬಂದರೆ ಸಂಶಯದ ಗುರುತು ಹಾಕಿಡುವಂತೆ ಗಣಕಯಂತ್ರಕ್ಕೆ ಮೊದಲೇ ಹೇಳಿಟ್ಟಿದ್ದರು. ಯಂತ್ರ ಹೇಳಿದಂತೆ ಮಾಡಿತು. ಅದು ಆ ಅಂಕಿಗಳನ್ನು ಎಸೆದುಬಿಟ್ಟಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ, ಅದು ನಿಜವಲ್ಲ. ಅಂಕಿಗಳೆಲ್ಲ ಗುರುತಿನೊಂದಿಗೆ ಹಾಗೆಯೇ ಉಳಿದಿದ್ದವು. ತಂಡದವರು ಅವನ್ನು ಗಮನಿಸಿ ದಕ್ಷಿಣ ಧ್ರುವದ ನೆಲದ ಕೇಂದ್ರದ ಲೆಕ್ಕದೊಡನೆ ಹೋಲಿಸಿದಾಗ, ಅಲ್ಲಿ ಎಲ್ಲವೂ ಎಂದಿನಂತಿತ್ತು. ತಪ್ಪಿದ್ದದ್ದು ಆ ನೆಲದ ಲೆಕ್ಕದಲ್ಲಿ ಎಂದು ಗೊತ್ತಾಗಲು ಇನ್ನಷ್ಟು ದಿನ ಬೇಕಾಯಿತು.

ಇತ್ತ ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದಲ್ಲಿ ಬ್ರಿಟಿಷರು 1950ರ ದಶಕದಿಂದಲೂ ಅದೇ ಕೆಲಸವನ್ನು ಅದೇ ಬಗೆಯ ಉಪಕರಣದಿಂದ ಮಾಡುತ್ತಿದ್ದರು. 300ರ ಆಸುಪಾಸಿನಲ್ಲಿರುತ್ತಿದ್ದ ಅಕ್ಟೋಬರ್ ತಿಂಗಳ ಲೆಕ್ಕ 1984ರ ಹೊತ್ತಿಗೆ 200ಕ್ಕೂ ಕೆಳಗೆ ಬಂದಿತ್ತು. ಜೋಸೆಫ್ ಫಾರ್ಮನ್ ಅವರಿಗೂ ಸಂಶಯವೇ ಬಂದಿತು. ಉಪಕರಣ ಹಳೆಯದಾಗಿ ಕೆಟ್ಟಿರಬಹುದೆ? ಕೆಟ್ಟಿಲ್ಲವಾದರೆ ಮೇಲಿರುವ ಉಪಗ್ರಹದವರು ಯಾಕೆ ಸುಮ್ಮನಿದ್ದಾರೆ? ಬೇರೊಂದು ಉಪಕರಣ ತರಿಸಿ ಅಳೆದರು. ಅದೂ ಅದನ್ನೇ ಹೇಳಿತು. 1985ರ ಮೇ ತಿಂಗಳಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರ ಲೇಖನ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಆಮೇಲೆ ಉಪಗ್ರಹದ ಅಂಕಿಗಳನ್ನು ಜೋಡಿಸಿ ನೋಡಿದರೆ ತೂತು ಒಂದು ಖಂಡದಷ್ಟು ಅಗಲವಿತ್ತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಂಬಬೇಡ ಎನ್ನುವುದಕ್ಕೆ ಬಳಸುತ್ತೇವೆ. ಆದರೆ ಗಾದೆ ನಂಬಬೇಡ ಎನ್ನುವುದಿಲ್ಲ, ನೋಡು ಎನ್ನುತ್ತದೆ. ಸಂಶಯಪಡುವುದು ತಪ್ಪಲ್ಲ. ಸಂಶಯಪಟ್ಟು ಅಲ್ಲಿಗೇ ಬಿಟ್ಟರೆ?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನನ್ನ ವಿಷಯದಲ್ಲಿ ಎಂದೂ 80ಕ್ಕೆ ಕಡಿಮೆ ತೆಗೆದವಳಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ 29 ಬಂದಿತು. ಕೂಡುವುದರಲ್ಲಿ ತಪ್ಪಿದೆನೇನೋ ಎಂದು ಮತ್ತೆ ಕೂಡಿದೆ. 29ರಲ್ಲಿ ತಪ್ಪಿರಲಿಲ್ಲ. ಜ್ವರಗಿರ ಬಂದಿತ್ತೇನೋ ಅಂದುಕೊಂಡು ಅಂಕದ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದೆ, ದಸರಾ ರಜೆ ಮುಗಿದ ಮೇಲೆ ಕರೆದು ಕೇಳಿದರಾಯಿತೆಂದು. ರಜೆ ಮುಗಿಯಿತು. ಚುನಾವಣೆಯ ಕೆಲಸ ಬಂದಿತು, ವಾರ್ಷಿಕೋತ್ಸವದ ತಯಾರಿ ಬಂದಿತು. ಡಿಸೆಂಬರಿನಲ್ಲಿ ಹಾಜರಿ ಕೂಗುವಾಗ ಅವಳ ಹೆಸರಿಗೆ ಉತ್ತರ ಬರುವುದು ನಿಂತಿತು.

ಅವಳ ತಾಯಿ ಆಗಸ್ಟಿನಿಂದಲೇ ಹಾಸಿಗೆ ಹಿಡಿದಿದ್ದರಂತೆ. ಅಡಿಗೆ ಮಾಡಿಟ್ಟು, ತಮ್ಮ ತಂಗಿಯರಿಗೆ ಸ್ನಾನ ಮಾಡಿಸಿ, ಆಮೇಲೆ ಶಾಲೆಗೆ ಬರುತ್ತಿದ್ದಳಂತೆ. ಪಕ್ಕದ ಬೆಂಚಿನವಳಿಂದ ಇದು ತಿಳಿದು ನಾನು ಮನೆಗೆ ಹೋಗುವಷ್ಟರಲ್ಲಿ ಬಾಗಿಲಿಗೆ ಬೀಗವಿತ್ತು. ಸೋದರಮಾವ ಬಂದು ಎಲ್ಲರನ್ನೂ ತಮ್ಮ ಊರಿಗೆ ಕರೆದುಕೊಂಡು ಹೋದರೆಂದು ನೆರೆಯವರು ಹೇಳಿದರು.

ನನ್ನನ್ನು ಯಾರೂ ದೂರಲಿಲ್ಲ. ದೂರುವಂಥದ್ದನ್ನು ನಾನು ಮಾಡಿಯೂ ಇರಲಿಲ್ಲ. ಅಕ್ಟೋಬರಿನಲ್ಲೇ ಕೇಳಿದ್ದರೆ ಅವಳು ಓದು ಮುಂದುವರಿಸುತ್ತಿದ್ದಳು ಎಂದು ಹೇಳಲಾರೆ. ಆದರೂ ಕೆಟ್ಟ ಮನಸ್ಸಿಲ್ಲದೆ ಆದ ಲೋಪಕ್ಕೆ ಹೊಣೆಯಿದೆಯೇ ಎಂದು ಯಾರಾದರೂ ಕೇಳಿದರೆ, ನನಗೆ ಆ ಕೆಂಪು ಗುರುತು ನೆನಪಾಗುತ್ತದೆ. ಕಾಣದೇ ಹೋದದ್ದಕ್ಕೆ ಕ್ಷಮೆ ಉಂಟು. ಕಂಡು ಗುರುತು ಹಾಕಿದ ಮೇಲೆ ಮತ್ತೆ ಅಲ್ಲಿಗೆ ಹೋಗಿ ನೋಡುವ ಸಾಲ ನಮ್ಮ ಮೇಲೆ ಉಳಿದಿರುತ್ತದೆ. ಮನೆಯೊಳಗೂ ಹೀಗೆಯೇ. ಗಂಡನ ಮೌನ, ಸೊಸೆಯ ಊಟ ಕಡಿಮೆಯಾದದ್ದು, ಮಗ ತಡವಾಗಿ ಬರುವುದು, ಎಲ್ಲಕ್ಕೂ ಮನಸ್ಸಿನಲ್ಲಿ ಗುರುತು ಹಾಕಿ, 'ಇರಲಿ, ಆಮೇಲೆ ನೋಡೋಣ' ಎನ್ನುತ್ತೇವೆ.

ಓಝೋನಿನ ವಿಷಯದಲ್ಲಿ ಜಗತ್ತು ಆ ಸಾಲವನ್ನು ಬೇಗ ತೀರಿಸಲು ಹೊರಟಿತು. ಫ್ರಿಜ್ಜುಗಳಲ್ಲೂ ಸ್ಪ್ರೇ ಡಬ್ಬಿಗಳಲ್ಲೂ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳಿಂದ ಬಿಡುಗಡೆಯಾಗುವ ಕ್ಲೋರಿನ್ ಓಝೋನನ್ನು ತಿನ್ನಬಲ್ಲುದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಹೇಳಿದ್ದರು. ಆ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಒಪ್ಪಂದ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಆಯಿತು. ಅದು ಫಲ ಕೊಡುತ್ತಿದೆಯೇ ಎಂದು ಮತ್ತೆ ನೋಡಬೇಕಿತ್ತಲ್ಲ, 2004ರ ಜುಲೈ 15ರಂದು ಅಮೆರಿಕ ಹಾರಿಸಿದ ಆರಾ ಉಪಗ್ರಹದ ಕೆಲಸಗಳಲ್ಲಿ ಅದೂ ಒಂದು. ವಾಯುಮಂಡಲದ ರಸಾಯನವನ್ನು ತಿಳಿಯಲೆಂದೇ ಅದರಲ್ಲಿ ನಾಲ್ಕು ಉಪಕರಣಗಳಿದ್ದವು. ಅವುಗಳಲ್ಲಿ ಒಂದರ ಒಳಗೆ ಪ್ಲಾಸ್ಟಿಕ್ ಹಾಳೆ ಅಡ್ಡ ಬಿದ್ದು ಅದರ ಕಿಂಡಿ ಶೇಕಡ 80ರಷ್ಟು ಮುಚ್ಚಿಹೋಗಿತ್ತು. ವಿಜ್ಞಾನಿಗಳು ಅದನ್ನು ಕೈಬಿಡಲಿಲ್ಲ. ಎಷ್ಟು ಮುಚ್ಚಿದೆ ಎಂಬುದನ್ನು ಲೆಕ್ಕ ಹಾಕಿ, ಅದನ್ನು ಕಳೆದು, ಉಳಿದ ಕಿಂಡಿಯಿಂದ ಕಂಡದ್ದನ್ನು ಬಳಸಿಕೊಂಡರು. ನಮ್ಮ ಕಣ್ಣಿಗೆ ಪೊರೆ ಬಂದಿದೆಯೆಂದು ಒಪ್ಪಿಕೊಂಡವರಿಗೂ ಒಂದಿಷ್ಟು ಕಂಡೀತು ಎಂದು ನನಗೆ ಇದರಿಂದ ಧೈರ್ಯ ಬಂದಿದೆ.

ಆರಾದ ಇನ್ನೊಂದು ಉಪಕರಣ ಧ್ರುವದ ತಿಂಗಳುಗಟ್ಟಲೆಯ ಕತ್ತಲಲ್ಲೂ ಅಳೆಯಬಲ್ಲದು. ಅದರ ಅಂಕಿಗಳ ಆಧಾರದಿಂದ, 2005ರಿಂದ 2016ರ ನಡುವೆ ಕ್ಲೋರಿನ್ ಕಡಿಮೆಯಾದದ್ದರಿಂದಲೇ ಅಂಟಾರ್ಕ್ಟಿಕದ ಚಳಿಗಾಲದ ಓಝೋನ್ ನಷ್ಟ ಸುಮಾರು ಶೇಕಡ 20ರಷ್ಟು ತಗ್ಗಿದೆಯೆಂದು ನಾಸಾ ವಿಜ್ಞಾನಿಗಳು 2018ರಲ್ಲಿ ತಿಳಿಸಿದರು.

ಹುಡುಗಿಗೆ ನಾನು ಇದನ್ನೆಲ್ಲ ಹೇಳಲಿಲ್ಲ, ಗಂಟೆ ಹೊಡೆದಿತ್ತು. "ಕಾಣಿಸಿತ್ತು ಕಣಮ್ಮ, ನಂಬೋದಕ್ಕೆ ಸ್ವಲ್ಪ ತಡವಾಯಿತು" ಎಂದಷ್ಟೇ ಹೇಳಿದೆ. ಈಗಲೂ ಅಂಕಪಟ್ಟಿಯಲ್ಲಿ ಅಂಥ ಸಂಖ್ಯೆ ಬಂದರೆ ಕೆಂಪು ಗುರುತು ಹಾಕುತ್ತೇನೆ. ಆದರೆ ಅದರ ಪಕ್ಕದಲ್ಲಿ ಒಂದು ತಾರೀಕನ್ನೂ ಬರೆಯುತ್ತೇನೆ, ಆ ದಿನದೊಳಗೆ ಮಗುವನ್ನು ಕರೆದು ಕೇಳಬೇಕೆಂದು. ಎಷ್ಟೋ ಸಲ ಬರೀ ಜ್ವರವೇ ಆಗಿರುತ್ತದೆ. ಆಗಿರಲಿ, ಕೇಳಿದ್ದರಿಂದ ನಷ್ಟವೇನೂ ಇಲ್ಲ.