ಉಗ್ರಾಣಕ್ಕೆ ಮೀರಿದ ವಾಗ್ದಾನ

ತನ್ನಲ್ಲಿರುವುದಕ್ಕಿಂತ ಹೆಚ್ಚಿನದನ್ನು ಕೊಡುವೆನೆಂದು ಮಾತು ಕೊಡುವುದು ಅಸತ್ಯವೇ? ಪ್ರಶ್ನೆಯು ಹಳೆಯದು. ಅದಕ್ಕೆ ಹೊಸ ನಿದರ್ಶನವೊಂದನ್ನು ನಮ್ಮ ಕಾಲದ ಗಣಕಯಂತ್ರವು ಒದಗಿಸಿದೆ.

ಒಂದು ದೊಡ್ಡ ಗಣಕದೊಳಗೆ ಹಲವು ಗಣಕಗಳು ಪ್ರತ್ಯೇಕವಾಗಿರುವಂತೆ ನಡೆಯಿಸುವ ಉಪಾಯವುಂಟು. ಒಳಗಿನವುಗಳಿಗೆ ವರ್ಚುಯಲ್ ಮೆಷಿನ್ ಎಂದು ಹೆಸರು. ದೊಡ್ಡದನ್ನು ಯಜಮಾನನೆಂದೂ ಒಳಗಿನವುಗಳನ್ನು ಅತಿಥಿಗಳೆಂದೂ ಭಾವಿಸೋಣ. ಯಜಮಾನನಲ್ಲಿ 64 ಜಿಬಿ ಮೆಮೊರಿಯಿದೆ. ಹತ್ತು ಮಂದಿ ಅತಿಥಿಗಳಿಗೆ ತಲಾ 8 ಜಿಬಿಯಂತೆ ಅವನು 80ನ್ನು ವಾಗ್ದಾನ ಮಾಡಿದ್ದಾನೆ. ಆದರೂ ಕೆಲಸವು ಸಾಗುತ್ತದೆ. ಏಕೆಂದರೆ ಎಲ್ಲರೂ ಏಕಕಾಲದಲ್ಲಿ ತಮ್ಮ ಪೂರ್ಣ ಪಾಲನ್ನು ಕೇಳುವುದು ಅಪರೂಪ. ಇಬ್ಬರಲ್ಲಿಯೂ ಒಂದೇ ಬರಹವಿದ್ದರೆ ಒಂದೇ ಪ್ರತಿಯನ್ನಿಟ್ಟು ಇಬ್ಬರಿಗೂ ತೋರಿಸುವ ಏರ್ಪಾಡುಂಟು. 2002ರಲ್ಲಿ ವಿಎಂವೇರ್ ಸಂಸ್ಥೆಯ ವಾಲ್ಡ್‌ಸ್ಪರ್ಗರ್ ಎಂಬವರು ವಿವರಿಸಿದ ತಂತ್ರದಲ್ಲಿ, ಅತಿಥಿಯೊಳಗೆ ಬಲೂನಿನಂತಹುದೊಂದು ಉಬ್ಬಿ, ಅವನಿಗೆ ಅಷ್ಟಾಗಿ ಬೇಡದ ಸ್ಥಳವನ್ನು ಅವನಿಂದಲೇ ಬಿಡಿಸುತ್ತದೆ.

ಇದು ಮಿತವ್ಯಯವೇ ಹೊರತು ದೋಷವಲ್ಲ. ಐನೂರು ಮಂದಿಯನ್ನು ಮದುವೆಗೆ ಕರೆದು ಪಂಕ್ತಿಗೆ ನೂರು ಎಲೆ ಹಾಕುವ ಗೃಹಸ್ಥನನ್ನು ಯಾರೂ ವಂಚಕನೆನ್ನರು.

ಎಲ್ಲರೂ ಒಮ್ಮೆಗೇ ಕೇಳಿದ ದಿನ ಮಾತ್ರ ಸಂಕಟ. ಆಗ ಯಜಮಾನನು ಸ್ವಲ್ಪ ಭಾಗವನ್ನು ಡಿಸ್ಕಿಗೆ ಸಾಗಿಸುತ್ತಾನೆ. ಅದು ಹಗೇವಿನಿಂದ ಧಾನ್ಯ ತೆಗೆದಂತೆ, ತಡವಾಗುತ್ತದೆ. ಅದೂ ಸಾಲದಿದ್ದರೆ, ಲಿನಕ್ಸ್ ವ್ಯವಸ್ಥೆಯು ಸಾಮಾನ್ಯವಾಗಿ ಹೆಚ್ಚು ಸ್ಥಳವನ್ನು ಆಕ್ರಮಿಸಿರುವವನನ್ನು ಆರಿಸಿ ಕೊನೆಗಾಣಿಸುತ್ತದೆ. ಅವನ ಅಪರಾಧವೇನು? ತನಗೆ ಕೊಟ್ಟ ಮಾತನ್ನು ನಂಬಿದುದಷ್ಟೆ. ಮಾತು ಮೀರಿದವನು ಯಜಮಾನ. ದಂಡ ತೆತ್ತವನು ಅತಿಥಿ. ಅನ್ಯಾಯವು ಇಲ್ಲಿ ಹುಟ್ಟುತ್ತದೆ.

ನಮ್ಮ ಹಿರಿಯೂರಿನ ಮಾರಿಕಣಿವೆಯನ್ನು ನೋಡಿರಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಯು 1907ರಲ್ಲಿ ಪೂರೈಸಿತು. 130 ಅಡಿ ತುಂಬಿದರೆ ಅದರಲ್ಲಿ ಸುಮಾರು 30 ಟಿಎಂಸಿ ನೀರು. 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಅಣೆಯ ಅಳತೆ ಒಂದು, ಒಳಗಿನ ನೀರು ಇನ್ನೊಂದು. ಆದರೆ ಈಗ ಎಷ್ಟು ಅಡಿ ನೀರಿದೆಯೆಂಬುದನ್ನು ರೈತನು ವಿಚಾರಿಸಿ ತಿಳಿಯಬಲ್ಲನು. ತಿಳಿದು, ಭತ್ತವೋ ರಾಗಿಯೋ ಎಂದು ನಿಶ್ಚಯಿಸಬಲ್ಲನು. ಕೊರತೆಯು ಕಷ್ಟವಾಗಬಹುದು, ಮೋಸವಾಗದು. ಗಣಕದ ಅತಿಥಿಗಾದರೋ ಯಜಮಾನನ ಮಟ್ಟವು ಕಾಣಿಸದು. 8 ಎಂದು ಹೇಳಿದ್ದನ್ನೇ ಅವನು 8 ಎಂದು ತಿಳಿದಿರುತ್ತಾನೆ.

ಆದುದರಿಂದ ಹೆಚ್ಚು ಮಾತು ಕೊಡುವುದು ಪಾಪವಲ್ಲ. ಮಟ್ಟವನ್ನು ಮರೆಮಾಡುವುದು ಪಾಪ. ಹಂಚಿ ಕೊಡುವವನು ಮೂರು ಕೆಲಸಗಳನ್ನು ಮಾಡತಕ್ಕದ್ದು. ಕೊಟ್ಟ ಮಾತಿನ ಮೊತ್ತವನ್ನು ಬಹಿರಂಗಪಡಿಸಬೇಕು. ಪ್ರತಿಯೊಬ್ಬನಿಗೂ ತಪ್ಪದೆ ದೊರೆಯುವ ಕನಿಷ್ಠ ಪಾಲನ್ನು ಕಾದಿರಿಸಬೇಕು. ಬರದ ದಿನ ಯಾರು ಮೊದಲು ಬಿಟ್ಟುಕೊಡಬೇಕೆಂಬುದನ್ನು ಸುಭಿಕ್ಷದ ದಿನವೇ ಎಲ್ಲರ ಒಪ್ಪಿಗೆಯಿಂದ ಗೊತ್ತುಮಾಡಬೇಕು. ಇವಕ್ಕೆ ಸಾಧನಗಳು ಯಂತ್ರದಲ್ಲಿಯೇ ಇವೆ. ಲೆಕ್ಕಕ್ಕೆ ಮೀರಿದ ಕೋರಿಕೆಯನ್ನು ಮೊದಲೇ ನಿರಾಕರಿಸುವ ಕಟ್ಟಳೆಯೂ ಲಿನಕ್ಸಿನಲ್ಲುಂಟು.

ಸಂಬಳಕ್ಕೆ ಮೀರಿ ಬಂಧುಗಳಿಗೆ ಭರವಸೆಯಿತ್ತವರೂ, ದಿನಕ್ಕೆ ಮೀರಿ ಕೆಲಸ ಒಪ್ಪಿಕೊಂಡವರೂ ನಮ್ಮೊಳಗೆ ಎಷ್ಟು ಮಂದಿ! ಎಲ್ಲರೂ ಒಂದೇ ದಿನ ಬಂದು ಕೇಳಲಾರರೆಂಬ ನಂಬಿಕೆಯ ಮೇಲೆ ನಮ್ಮ ಎಷ್ಟೋ ಸಜ್ಜನಿಕೆಯು ನಿಂತಿದೆ. ಆ ದಿನ ಬರುವ ಮುನ್ನ ನಮ್ಮ ಮಟ್ಟವೆಷ್ಟೆಂದು ಒಮ್ಮೆ ಹೇಳಿಬಿಡುವುದು ಮೇಲು.