ಇಳಿಯದೆ ಮೇಲೇರಿದ ವಿಮಾನ ಮತ್ತು ನಮ್ಮ ಸುದ್ದಿ

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ಬೆಳಗ್ಗೆ ನಾವಿದ್ದ ವಿಮಾನ ಮಂಗಳೂರಿನಲ್ಲಿ ಇಳಿಯಲು ಅಣಿಯಾಗಿತ್ತು. ಕಿಟಕಿಯ ಹೊರಗೆ ಮೋಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂದು ಕ್ಷಣ ತೆಂಗಿನ ತೋಟಗಳೂ ಹಂಚಿನ ಮಾಡುಗಳೂ ಕಂಡವು. ಇನ್ನೇನು ನೆಲ ಮುಟ್ಟಿತು ಎನ್ನುವಾಗ ಎಂಜಿನ್ ಜೋರಾಗಿ ಮೊರೆಯಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ವಿಮಾನ ಮತ್ತೆ ಮೋಡದೊಳಗೆ ಹೋಯಿತು. ಪಕ್ಕದಲ್ಲಿ ಎರಡು ವರ್ಷಗಳ ಬಳಿಕ ಗಲ್ಫ್‌ನಿಂದ ಊರಿಗೆ ಮರಳುತ್ತಿದ್ದ ಯುವಕನೊಬ್ಬನಿದ್ದ. ಅವನ ತುಟಿಗಳು ಪ್ರಾರ್ಥನೆಯಲ್ಲಿ ಅಲುಗಾಡತೊಡಗಿದವು. ಹಿಂದಿನ ಸಾಲಿನ ವೃದ್ಧೆಯೊಬ್ಬರು "ದೇವರೇ" ಎಂದರು. ಸ್ವಲ್ಪ ಹೊತ್ತಿನ ನಂತರ ಪೈಲಟ್ ಧ್ವನಿ ಕೇಳಿತು: ರನ್‌ವೇ ಸರಿಯಾಗಿ ಕಾಣಿಸಲಿಲ್ಲ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ನಾವು ನೆಲದ ಮೇಲಿದ್ದೆವು.

ಸಂಜೆ ಟಿವಿಯಲ್ಲಿ ಸುದ್ದಿ ಬಂತು. 'ಆಗಸದಲ್ಲೇ ಗಿರಕಿ ಹೊಡೆದ ವಿಮಾನ', 'ಕೂದಲೆಳೆಯ ಅಂತರದಲ್ಲಿ ತಪ್ಪಿದ ಭಾರೀ ದುರಂತ', 'ಪ್ರಯಾಣಿಕರು ಕಂಗಾಲು'. ಹಿನ್ನೆಲೆಯಲ್ಲಿ ಯಾವುದೋ ಸಿನಿಮಾದ ಸಂಗೀತ. ತೋರಿಸುತ್ತಿದ್ದುದು ಬೇರೆ ಯಾವುದೋ ವಿಮಾನದ ಚಿತ್ರ. ಬಂಧುಬಳಗದ ಫೋನ್‌ಗಳು ಒಂದರ ಹಿಂದೊಂದು ಬರತೊಡಗಿದವು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಟಿವಿಯವರನ್ನು ಬೈಯುವ ಬದಲು ನಾವೂ ಅವರ ಜೊತೆ ಸೇರಿಕೊಂಡೆವು. "ದೊಡ್ಡ ಗಂಡಾಂತರವೇ ತಪ್ಪಿತು ಮಾರಾಯ್ರೆ" ಎಂದು ಎರಡು ದಿನ ಸಿಕ್ಕಿದವರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳಿದೆವು. ಸಾವಿನ ಬಾಗಿಲಿಗೆ ಹೋಗಿ ಬಂದವರಿಗೆ ಸಿಗುವ ಮರ್ಯಾದೆ ನಮಗೂ ಸಿಕ್ಕಿತು. ಆ ಬೆಳಗ್ಗೆ ನಿಜವಾಗಿ ನಡೆದದ್ದೇನೆಂದು ತಿಳಿದುಕೊಂಡದ್ದು ಎಷ್ಟೋ ಕಾಲದ ಮೇಲೆ. ತಿಳಿದಾಗ ನಾಚಿಕೆಯಾಯಿತು.

ನಡೆದದ್ದು ಇಷ್ಟೇ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದಕ್ಕೆ ಪೈಲಟ್‌ಗಳ ಭಾಷೆಯಲ್ಲಿ 'ಗೋ ಅರೌಂಡ್' ಎನ್ನುತ್ತಾರೆ. ಇದು ಅಪಘಾತವಲ್ಲ, ಅಪಘಾತದ ಹಿಂದಿನ ಹೆಜ್ಜೆಯೂ ಅಲ್ಲ. ತರಬೇತಿಯ ಮೊದಲ ದಿನಗಳಿಂದಲೇ ಪೈಲಟ್‌ಗಳು ಕಲಿಯುವ, ಮತ್ತೆ ಮತ್ತೆ ಅಭ್ಯಾಸ ಮಾಡುವ ಕ್ರಿಯೆ. ಇಳಿಯುವ ವಿಮಾನ ಸಾಮಾನ್ಯವಾಗಿ 1,000 ಅಡಿ ಎತ್ತರಕ್ಕೆ ಬರುವಾಗ, ಎಲ್ಲವೂ ಸ್ಪಷ್ಟವಾಗಿ ಕಾಣುವ ಹವೆಯಲ್ಲಾದರೆ 500 ಅಡಿಗೆ ಬರುವಾಗ, ಅದರ ವೇಗ, ಇಳಿಯುವ ದರ, ರನ್‌ವೇಯ ನೇರ, ಚಕ್ರ ಮತ್ತು ರೆಕ್ಕೆಗಳ ಸ್ಥಿತಿ ಎಲ್ಲವೂ ನಿಗದಿತ ಮಿತಿಯಲ್ಲಿರಬೇಕು. ಒಂದು ತಪ್ಪಿದರೂ ಇಳಿಯಬಾರದು, ಮೇಲೇರಬೇಕು. ಮಳೆಯಲ್ಲಿ ರನ್‌ವೇ ಕಾಣದಿದ್ದರೆ, ಗಾಳಿ ಬೀಸುವ ದಿಕ್ಕು ಬದಲಾದರೆ, ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟು ಹೋಗದಿದ್ದರೆ ಕೂಡ ಹಾಗೆಯೇ. ಇದಕ್ಕಾಗಿಯೇ ವಿಮಾನಗಳು ಬೇರೊಂದು ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು ಇಂಧನವನ್ನೂ ಅದರ ಮೇಲೆ ಸುಮಾರು ಅರ್ಧ ಗಂಟೆಯ ಮೀಸಲನ್ನೂ ಹೊತ್ತಿರುತ್ತವೆ. ಹಿಂತಿರುಗುವ ದಾರಿಯನ್ನು ಮೊದಲೇ ತೆರೆದಿಟ್ಟುಕೊಂಡೇ ಅವು ಹೊರಡುತ್ತವೆ.

ಹಾಗಾದರೆ ಅಂದು ಸಂಜೆಯ ಸುದ್ದಿ ಸುಳ್ಳೇ? ವಿಮಾನ ಗಿರಕಿ ಹೊಡೆದದ್ದು ನಿಜ. ಪ್ರಯಾಣಿಕರು ಹೆದರಿದ್ದೂ ನಿಜ. ಒಂದೊಂದೇ ಮಾತನ್ನು ಎತ್ತಿ ನೋಡಿದರೆ ಹೆಚ್ಚಿನವು ನಿಜವೇ. ಆದರೆ ಅವನ್ನು ಜೋಡಿಸಿ ನಮ್ಮ ಮನಸ್ಸಿನಲ್ಲಿ ಮೂಡಿಸಿದ ಚಿತ್ರ ಮಾತ್ರ ಸುಳ್ಳು. ದುರಂತ ಬಳಿಗೆ ಬಂದು ಕೂದಲೆಳೆಯಲ್ಲಿ ತಪ್ಪಿದ್ದಲ್ಲ. ಅದು ಬಳಿಗೆ ಬಾರದಂತೆ ಒಬ್ಬರು ಮೊದಲೇ ದೂರ ಸರಿದಿದ್ದರು. ನಿಜಗಳನ್ನೇ ಪೋಣಿಸಿ ಸುಳ್ಳು ಹೇಳಲು ಸಾಧ್ಯವೆಂಬುದು ನಮಗೆ ತಿಳಿಯದ್ದೇನಲ್ಲ. ಕೋಮುಗಲಭೆಯ ಕಾಲದಲ್ಲಿ, ಚುನಾವಣೆಯ ಕಾಲದಲ್ಲಿ ಅದನ್ನು ಸಾಕಷ್ಟು ಕಂಡಿದ್ದೇವೆ. ಯಾರ ಮೇಲೂ ದ್ವೇಷವಿಲ್ಲದ ಒಂದು ವಿಮಾನದ ಸುದ್ದಿಯಲ್ಲೂ ಅದು ನಡೆಯುತ್ತದೆಂದಾದರೆ ಕಾರಣ ದ್ವೇಷವಷ್ಟೇ ಅಲ್ಲ. ಭಯ ಬೇಗ ಮಾರಾಟವಾಗುತ್ತದೆ ಎಂಬುದೂ ಒಂದು ಕಾರಣ.

ಇಂಥ ಸುದ್ದಿಗೆ ಇನ್ನೊಂದು ಮುಖವೂ ಇದೆ. 'ಪೈಲಟ್ ಸಮಯಪ್ರಜ್ಞೆಯಿಂದ ಉಳಿಯಿತು ನೂರಾರು ಜೀವ'. ಇದು ಹೊಗಳಿಕೆಯಂತೆ ಕಾಣುತ್ತದೆ. ಆದರೆ ಪ್ರತಿಯೊಬ್ಬ ಪೈಲಟ್ ಮಾಡಲೇಬೇಕಾದ ಕೆಲಸವನ್ನು ಪವಾಡವೆಂದು ಕರೆದರೆ ಅದು ಯಾರೋ ಒಬ್ಬ ವೀರನ ಕೆಲಸ, ಉಳಿದವರಿಂದ ಅದನ್ನು ನಿರೀಕ್ಷಿಸುವಂತಿಲ್ಲ ಎಂದಾಗುತ್ತದೆ.

ಈ ಸುದ್ದಿಗಳು ಯಾವುದನ್ನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ವಿಮಾನ ಸುರಕ್ಷತೆಯ ಬಗ್ಗೆ ದುಡಿಯುವ ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2017ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಮಿತಿಯೊಳಗೆ ಇಲ್ಲದ, ಅಂದರೆ ನಿಯಮದ ಪ್ರಕಾರ ಕೈಬಿಡಲೇಬೇಕಾದ ಇಳಿಕೆಗಳಲ್ಲಿ ಶೇ. 97ರಷ್ಟನ್ನು ಪೈಲಟ್‌ಗಳು ಕೈಬಿಡದೆ ಮುಂದುವರಿಸಿ ಇಳಿಸಿಬಿಡುತ್ತಾರೆ. ಮೇಲೇರಿ ಹೋಗುವವರು ಶೇ. 3ರಷ್ಟು ಮಾತ್ರ. ಮುಂದುವರಿದವರಲ್ಲಿ ಹೆಚ್ಚಿನವರು ಕ್ಷೇಮವಾಗಿಯೇ ಇಳಿಯುತ್ತಾರೆ, ಪ್ರಯಾಣಿಕರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ. ಅದು ಎಲ್ಲೂ ಸುದ್ದಿಯಾಗುವುದಿಲ್ಲ. ಸುದ್ದಿಯಾಗುವವರು ನಿಯಮ ಪಾಲಿಸಿ ಮೇಲೇರಿದವರು. ತಪ್ಪು ಮಾಡಿ ಬಚಾವಾದವನ ಬಗ್ಗೆ ಮೌನ, ಸರಿ ಮಾಡಿದವನ ಬಗ್ಗೆ 'ಭಾರೀ ದುರಂತ'ದ ಗದ್ದಲ. ಇದಕ್ಕಿಂತ ತಲೆಕೆಳಗಾದ ನ್ಯಾಯ ಇನ್ನೇನಿದ್ದೀತು?

ಈ ತಲೆಕೆಳಗು ನ್ಯಾಯದ ಬೆಲೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ಆರು ಗಂಟೆ ದಾಟಿದಾಗ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಮದುವೆಗೆಂದು ಬಂದವರಿದ್ದರು, ಮಗುವಿನ ಮುಖ ನೋಡಲೆಂದು ಬಂದವರಿದ್ದರು. ಅಂದು ಮಳೆ ಇರಲಿಲ್ಲ. ಗಾಳಿ ಶಾಂತವಾಗಿತ್ತು, 6 ಕಿಲೋಮೀಟರ್ ದೂರದವರೆಗೆ ಕಾಣುತ್ತಿತ್ತು. ವಿಮಾನ ಮಾತ್ರ ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಅದು ನೆಲ ಕಂಡದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಇಳಿಕೆಯನ್ನು ಕೈಬಿಡದಿರುವುದೇ ದುರಂತಕ್ಕೆ ನೇರ ಕಾರಣವೆಂದು ವಿಚಾರಣಾ ನ್ಯಾಯಾಲಯದ ವರದಿ ಹೇಳಿತು. ಸಹಚಾಲಕ ಮೂರು ಬಾರಿ 'ಗೋ ಅರೌಂಡ್' ಎಂದಿದ್ದರು. ವಿಮಾನದ ಯಂತ್ರವೂ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಟ್ಟಿತ್ತು. ಮುಖ್ಯ ಚಾಲಕರು ಕೇಳಲಿಲ್ಲ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ರಾತ್ರಿ, ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ ಅದೇ ಕತೆ. ಕೋವಿಡ್ ಕಾಲದಲ್ಲಿ ದುಬೈಯಿಂದ ಊರಿಗೆ ಕರೆತರುತ್ತಿದ್ದ ವಿಮಾನ ಅದು. ಜೋರು ಮಳೆ. ಮೊದಲ ಬಾರಿ ಚಾಲಕರು ಸರಿಯಾಗಿಯೇ ಇಳಿಯದೆ ಮೇಲೇರಿದರು. ಎರಡನೆಯ ಬಾರಿ ರನ್‌ವೇಯ ಇನ್ನೊಂದು ತುದಿಯಿಂದ, ಹಿಂದಿನಿಂದ ತಳ್ಳುವ ಗಾಳಿಯಲ್ಲಿ ಬಂದರು. ರನ್‌ವೇಯ ಅರ್ಧದಷ್ಟು ಮುಗಿದ ಮೇಲೆ ವಿಮಾನ ನೆಲ ಮುಟ್ಟಿತು. ಇಲ್ಲೂ ಸಹಚಾಲಕ 'ಗೋ ಅರೌಂಡ್' ಎಂದಿದ್ದರು. ಇಬ್ಬರು ಚಾಲಕರೂ ಸೇರಿ 21 ಮಂದಿ ಸತ್ತರು. ಮರುದಿನ ಬೆಳಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನವನ್ನು ಹಾರಿಸಬೇಕಾಗಿದ್ದುದು ಮುಖ್ಯ ಚಾಲಕರ ಮನಸ್ಸಿನಲ್ಲಿ ಕೆಲಸ ಮಾಡಿತ್ತೆಂದು ತನಿಖಾ ವರದಿ ಗುರುತಿಸಿತು. ಒಮ್ಮೆ ಹಿಂತಿರುಗುವ ಧೈರ್ಯ ಮಾಡಿದವರಿಗೆ ಎರಡನೆಯ ಬಾರಿ ಅದು ಸಾಧ್ಯವಾಗಲಿಲ್ಲ.

ಟಿವಿಯ ತಲೆಬರಹಕ್ಕೆ ಹೆದರಿ ಈ ಚಾಲಕರು ಇಳಿಸಿದರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾವೂ ಸುಳ್ಳು ಸುದ್ದಿಯ ಸಾಲಿಗೆ ಸೇರುತ್ತೇವೆ. ಹೇಳುವುದಿಷ್ಟೇ. ಹಿಂತಿರುಗುವುದು ಸೋಲೆಂಬ ಭಾವನೆ ಆಕಾಶದಲ್ಲಿ ಹುಟ್ಟುವುದಿಲ್ಲ, ನೆಲದ ಮೇಲೆ ನಮ್ಮ ನಡುವೆ ಹುಟ್ಟುತ್ತದೆ. 'ಇಟ್ಟ ಹೆಜ್ಜೆ ಹಿಂದಿಡದ ಗಂಡು' ಎಂದು ಹೊಗಳುವವರು ನಾವು. ಅರ್ಧ ಗಂಟೆ ತಡವಾದರೆ ಗಗನಸಖಿಯ ಮೇಲೆ ರೇಗುವವರೂ ನಾವು. ಹಿರಿಯರ ಎದುರು ಕಿರಿಯನೊಬ್ಬ "ಬೇಡ, ಇದು ಸರಿಯಾಗುತ್ತಿಲ್ಲ" ಎಂದರೆ ಅದನ್ನು ಅಧಿಕಪ್ರಸಂಗ ಎನ್ನುವವರೂ ನಾವೇ. ಹಲವು ವಿಮಾನ ಸಂಸ್ಥೆಗಳು 'ಇಳಿಯದೆ ಮೇಲೇರಿದ ಪೈಲಟ್‌ನನ್ನು ದಂಡಿಸುವುದಿಲ್ಲ' ಎಂದು ನಿಯಮವನ್ನೇ ಬರೆದಿಟ್ಟಿವೆ. ದಂಡನೆಯ ಭಯ ಇರುವುದರಿಂದಲೇ ಅಲ್ಲವೇ ಅಂಥ ನಿಯಮ ಬೇಕಾದದ್ದು? ಕಚೇರಿ ದಂಡಿಸದೆ ಬಿಟ್ಟವನನ್ನು ಸಂಜೆಯ ಸುದ್ದಿ ದಂಡಿಸಬಾರದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಪ್ರಯಾಣಿಕರ ಭಯ ನಿಜವಾದದ್ದಲ್ಲವೇ, ಅದನ್ನು ಹೇಳಬಾರದೇ? ಹೇಳಬೇಕು. ಆ ಯುವಕನ ಅಲುಗಾಡುವ ತುಟಿಗಳನ್ನು ನಾವು ಮರೆತಿಲ್ಲ. ಭಯಪಟ್ಟವರನ್ನು ನೋಡಿ ನಗುವುದು ಸಲ್ಲ. ಆದರೆ ಭಯವನ್ನು ಹೇಳುವುದು ಬೇರೆ, ಅದನ್ನೇ ಪುರಾವೆಯಾಗಿ ತೋರಿಸುವುದು ಬೇರೆ. ರೋಗಿಯ ನೋವನ್ನು ಕೇಳಬೇಕು, ರೋಗ ಯಾವುದೆಂದು ಮಾತ್ರ ವೈದ್ಯರನ್ನೇ ಕೇಳಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮೇಲೇರುವ ಎಲ್ಲ ವಿಮಾನಗಳೂ ಸುರಕ್ಷಿತವೇ? ಅಲ್ಲ. 2015ರ ಆಗಸ್ಟ್‌ನಲ್ಲಿ ದೋಹಾದಿಂದ ಬಂದ ವಿಮಾನವೊಂದು ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಒಟ್ಟು ಆರು ಬಾರಿ ಇಳಿಯಲಾಗದೆ, ಇಂಧನ ತಳ ಕಂಡ ಸ್ಥಿತಿಯಲ್ಲಿ, ಏಳನೆಯ ಪ್ರಯತ್ನಕ್ಕೆ ಇಳಿಯಿತು. ಅದು ನಿಜವಾದ ಗಂಡಾಂತರ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ವಿಮಾನ ದುಬೈಯಲ್ಲಿ ನೆಲ ಮುಟ್ಟಿ ಮತ್ತೆ ಮೇಲೇರಲು ಹೊರಟಾಗ ಎಂಜಿನ್‌ಗಳಿಗೆ ಬೇಕಾದ ಶಕ್ತಿಯನ್ನೇ ಕೊಟ್ಟಿರಲಿಲ್ಲ. ಅದು ರನ್‌ವೇ ಮೇಲೆ ಕುಸಿದು ಉರಿಯಿತು. ಒಳಗಿದ್ದ 300 ಮಂದಿಯೂ ಬದುಕಿದರು, ಬೆಂಕಿ ನಂದಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕೊಟ್ಟರು. ಮೇಲೇರುವುದು ಅಪರೂಪಕ್ಕೆ ಮಾಡುವ ಕೆಲಸವಾದ್ದರಿಂದ ಅದರಲ್ಲೂ ತಪ್ಪುಗಳಾಗುತ್ತವೆ. ಇವೆಲ್ಲ ವರದಿಯಾಗಲೇಬೇಕು, ಇಂಧನ ಎಷ್ಟಿತ್ತು, ಬದಲಿ ನಿಲ್ದಾಣಕ್ಕೆ ಹೋಗಲು ತಡಮಾಡಿದ್ದೇಕೆ ಎಂದು ಗಟ್ಟಿಯಾಗಿ ಕೇಳಲೇಬೇಕು. ಆದರೆ ಮಳೆಯಲ್ಲಿ ಒಮ್ಮೆ ಸುತ್ತಿ ಬಂದದ್ದಕ್ಕೂ 'ಭಾರೀ ದುರಂತ' ಎಂಬ ಮಾತನ್ನೇ ಖರ್ಚು ಮಾಡಿದರೆ, ನಿಜವಾದ ಗಂಡಾಂತರಕ್ಕೆ ಹೇಳಲು ನಮ್ಮ ಬಳಿ ಯಾವ ಮಾತು ಉಳಿಯುತ್ತದೆ? ತೋಳ ಬಂತು ತೋಳ ಎಂದ ಹುಡುಗನ ಕತೆ ಎಲ್ಲರಿಗೂ ಗೊತ್ತಿರುವುದೇ.

2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿದ್ದ ಬಳಿಕದ ವಾರಗಳನ್ನು ನೆನಪಿಸಿಕೊಳ್ಳಿ. ಹಿಂತಿರುಗಿದ, ತಡವಾದ, ಮೇಲೇರಿದ ಒಂದೊಂದು ವಿಮಾನವೂ ಬ್ರೇಕಿಂಗ್ ನ್ಯೂಸ್ ಆಯಿತು. ದೇಶ ಶೋಕದಲ್ಲಿತ್ತು, ಜನ ಹೆದರಿದ್ದರು ನಿಜ. ಹೆದರಿದವರಿಗೆ ಅಂಥ ಹೊತ್ತಿನಲ್ಲಿ ಬೇಕಾದದ್ದು ತಿಳುವಳಿಕೆ. ಸಿಕ್ಕಿದ್ದು ಇನ್ನಷ್ಟು ಹೆದರಿಕೆ.

ಇದನ್ನು ಸರಿಪಡಿಸಲು ದೊಡ್ಡ ಸಾಹಸವೇನೂ ಬೇಡ. 'ಮಳೆಯಿಂದ ರನ್‌ವೇ ಕಾಣದೆ ವಿಮಾನ ನಿಯಮದಂತೆ ಮೇಲೇರಿತು, 20 ನಿಮಿಷಗಳ ಬಳಿಕ ಇಳಿಯಿತು' ಎಂಬ ಎರಡು ಸಾಲು ಸಾಕು. ಅದು ಮಾರಾಟವಾಗಲಿಕ್ಕಿಲ್ಲ. ಆದರೆ ಅದನ್ನು ಓದುತ್ತ ಬೆಳೆದ ಪ್ರಯಾಣಿಕ ಮುಂದೊಂದು ದಿನ ವಿಮಾನ ಮೇಲೇರಿದಾಗ ಕಿರುಚುವುದಿಲ್ಲ, ತಡವಾಯಿತೆಂದು ರೇಗುವುದಿಲ್ಲ. ಅದನ್ನು ಓದುತ್ತ ಬೆಳೆದ ಹುಡುಗ ನಾಳೆ ಪೈಲಟ್ ಆದರೆ ಹಿಂತಿರುಗಲು ನಾಚುವುದಿಲ್ಲ.

ಆ ಬೆಳಗ್ಗೆ ಬಾಗಿಲಿನ ಬಳಿ ನಿಂತು ಪ್ರಯಾಣಿಕರನ್ನು ಬೀಳ್ಕೊಡುತ್ತಿದ್ದ ಪೈಲಟ್ ಮುಖವನ್ನು ನಾವು ನೋಡಿದ್ದೆವು. ಯಾರೂ ಏನೂ ಹೇಳಲಿಲ್ಲ. ಒಬ್ಬರು ತಡವಾದದ್ದಕ್ಕೆ ಗೊಣಗಿದರು. ನಾವೂ ಚೀಲ ಹಿಡಿದು ಸುಮ್ಮನೆ ಇಳಿದು ಬಂದೆವು. ಅಂದು ಹೇಳಬೇಕಾಗಿದ್ದ ಕೃತಜ್ಞತೆ ಇಂದಿಗೂ ಬಾಕಿ ಇದೆ. ಈಗ ಯಾರಾದರೂ ಆ ದಿನದ ಬಗ್ಗೆ ಕೇಳಿದರೆ ಉಪ್ಪು ಖಾರ ಹಚ್ಚದೆ ಹೇಳುತ್ತೇವೆ: "ರನ್‌ವೇ ಕಾಣಲಿಲ್ಲ. ಇನ್ನೊಮ್ಮೆ ಸುತ್ತಿ ಬಂದು ಇಳಿದೆವು."