ಬಿಸಿಲಿನ ಬೆಳೆಯೂ ಕೂಲಿಯವನ ಪಾಲೂ

ಸರ್ವರಿಗೂ ಹಿತವಾದ ಕಾರ್ಯವೊಂದನ್ನು ಮಾಡುವಾಗ ಒಬ್ಬ ಬಡವನ ತುತ್ತು ತಪ್ಪಿದರೆ, ಆ ಕಾರ್ಯದಿಂದ ಹಿತವನ್ನು ಹೊಂದಿದವರು ಅವನಿಗೆ ಋಣಿಗಳಾಗುವರೋ ಇಲ್ಲವೋ? ಇದು ಪಂಡಿತರ ತರ್ಕಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಇದು ಗಂಜಿಯ ಪ್ರಶ್ನೆಯಾಗಿರುತ್ತದೆ.

ಕಲ್ಲಿದ್ದಲನ್ನು ಸುಡುವದರಿಂದ ಹುಟ್ಟುವ ಅನಿಲವು ಭೂಮಿಯ ಶಾಖವನ್ನು ಹೆಚ್ಚಿಸುತ್ತದೆಂದೂ ಅದರಿಂದ ಮಳೆಯ ಕ್ರಮವು ಕೆಡುತ್ತದೆಂದೂ ಶಾಸ್ತ್ರಜ್ಞರು ನಿಶ್ಚಯಪಡಿಸಿದ್ದಾರೆ. ಮಳೆ ಕೆಟ್ಟರೆ ಮೊದಲು ಹಸಿಯುವವನು ಕೂಲಿಯವನೇ. ಆದದರಿಂದ ಕಲ್ಲಿದ್ದಲಿಗೆ ಬದಲಾಗಿ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ತೆಗೆಯಬೇಕೆಂಬ ಸರಕಾರದ ನೀತಿಯನ್ನು ನಾವು ಒಳ್ಳೇದೆಂದೇ ಹೇಳುತ್ತೇವೆ. ಈ ನೀತಿಗನುಸಾರವಾಗಿ ಪಾವಗಡದ ತಿರುಮಣಿ ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯ ಮೇಲೆ ಗಾಜಿನ ಹಲಗೆಗಳನ್ನು ಹಾಸಲಾಯಿತು. 2018ರಲ್ಲಿ ಕೆಲಸಕ್ಕೆ ತೊಡಗಿದ ಈ ಸ್ಥಾವರವು 2019ರ ಕೊನೆಗೆ 2,050 ಮೆಗಾವಾಟ್ ಶಕ್ತಿಯುಳ್ಳದ್ದಾಯಿತು.

ಇಲ್ಲಿ ಮೆಚ್ಚತಕ್ಕ ಒಂದು ಸಂಗತಿಯುಂಟು. ಅದೇನಂದರೆ, ಸರಕಾರದವರು ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗೇಣಿಗೆ ಹಿಡಿದರು. ಎಕರೆಗೆ ವರುಷಕ್ಕೆ 21,000 ರೂಪಾಯಿ. ಎರಡು ವರುಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರದ ಸೀಮೆಯಲ್ಲಿ ಕಡಲೇಕಾಯಿ ಬಿತ್ತಿ ಆಕಾಶವನ್ನು ನೋಡುತ್ತಾ ಕೂತವನಿಗೆ ಇದು ಸಣ್ಣ ಮಾತಲ್ಲ. ಹಾಗಾದರೂ ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಈ ಏರಿಕೆಯಿಂದ ಇಪ್ಪತ್ತನಾಲ್ಕು ವರುಷಗಳ ಮೇಲೆ ಗೇಣಿಯು ಸುಮಾರು 37,700 ರೂಪಾಯಿ ಆಗುವದು. ಬೆಲೆಗಳೋ, ರಿಸರ್ವ್ ಬ್ಯಾಂಕು ಗುರಿಯಾಗಿ ಇಟ್ಟುಕೊಂಡಿರುವಂತೆ ವರುಷಕ್ಕೆ ನೂರಕ್ಕೆ ನಾಲ್ಕರಂತೆ ಮಾತ್ರ ಏರಿದರೂ, ಇಂದು 21,000ಕ್ಕೆ ಸಿಕ್ಕುವ ಸಾಮಾನಿಗೆ ಆಗ 53,000ಕ್ಕೂ ಹೆಚ್ಚು ತೆರಬೇಕಾಗುವದು. ಗೇಣಿ ಬೆಳೆಯುತ್ತಿರುವಂತೆ ಕಂಡರೂ ಒಳಗೆ ಸವೆಯುತ್ತಿರುತ್ತದೆ.

ಇದಿರಲಿ, ಭೂಮಿಯುಳ್ಳವನಿಗೆ ಸವೆಯುವದಕ್ಕಾದರೂ ಒಂದು ಗೇಣಿಯುಂಟು. ಆ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ, ಬೀಳುಗಳಲ್ಲಿ ಕುರಿ ಮೇಯಿಸಿ ಬದುಕಿದವನಿಗೋ? ಅವನ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ, ಆದದರಿಂದ ಯಾವ ಕರಾರಿನಲ್ಲಿಯೂ ಇಲ್ಲ. ಹಲಗೆ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆತವು. ಆದರೆ ಬಿಸಿಲಿನ ಬೆಳೆಗೆ ಬಿತ್ತನೆಯೂ ಇಲ್ಲ, ಒಕ್ಕಣೆಯೂ ಇಲ್ಲ, ಆಳುಗಳು ಬಹಳ ಬೇಕಾಗಿಲ್ಲ.

"ಅವನಿಂದ ನಾವು ಏನನ್ನೂ ಕಿತ್ತುಕೊಳ್ಳಲಿಲ್ಲ, ಅವನದೆಂಬದು ಅಲ್ಲಿ ಏನಿತ್ತು?" ಎಂದು ಕೆಲವರು ಕೇಳಬಹುದು. ಕಾಗದದ ಮಾತಿನಲ್ಲಿ ಇದು ಸರಿ. ಆದರೆ ನಮ್ಮ ಹಳ್ಳಿಗಳ ನ್ಯಾಯವು ಕಾಗದಕ್ಕಿಂತ ಹಳೇದು. ಕೊಯ್ಲಾದ ಹೊಲದಲ್ಲಿ ಹಕ್ಕಲಾಯುವ ಬಡ ವಿಧವೆಯನ್ನು ಕಳ್ಳಿಯೆಂದು ಯಾರೂ ಕರೆಯುವದಿಲ್ಲ. (ರೂತಳ ಕಥೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಭೂಮಿಯು ಒಬ್ಬನದಾದರೂ ಅದರ ಫಲದಲ್ಲಿ ದುಡಿಯುವ ಕೈಗೆ ಪಾಲುಂಟೆಂದು ಎಲ್ಲರೂ ಒಪ್ಪಿದ್ದರಿಂದಲೇ ಆ ರೂಢಿಯು ನಿಂತಿತು. ಬೇಲಿ ಹಾಕಿದ ದಿನ ಆ ಪಾಲು ಯಾರ ಅಪ್ಪಣೆಯೂ ಇಲ್ಲದೆ ಅಳಿದುಹೋಯಿತು.

ಮತ್ತೊಂದು ಆಕ್ಷೇಪವು ಇದಕ್ಕಿಂತ ಬಲವಾದದ್ದು. ಬರದ ದೆಸೆಯಿಂದ ಆ ಸೀಮೆಯ ಕೂಲಿಗಳು ಮೊದಲೇ ಬೆಂಗಳೂರಿಗೆ ಗುಳೇ ಹೋಗುತ್ತಿದ್ದರಲ್ಲವೇ? ಹೌದು. ಹಾಗಾದರೆ ಅವರಿಗೆ ಆದ ನಷ್ಟವು ಕಡಮೆಯೆಂದು ಹೇಳಬಹುದೇ ಹೊರತು ಇಲ್ಲವೆಂದು ಹೇಳಕೂಡದು. ಮುಂಚೆ ಮಳೆ ಬಂದ ವರುಷ ಹಿಂದಿರುಗುವದಕ್ಕೆ ಒಂದು ಹೊಲವಿತ್ತು.

ಇದಕ್ಕೆ ಪರಿಹಾರವು ದುಸ್ಸಾಧ್ಯವೆಂದು ನಾವು ಎಣಿಸುವದಿಲ್ಲ. ಒಂದು ಮೆಗಾವಾಟಿನಿಂದ ವರುಷಕ್ಕೆ ಹದಿನೈದು ಲಕ್ಷ ಯೂನಿಟು ಹುಟ್ಟುವದೆಂದು ಹಿಡಿದು, ಯೂನಿಟಿಗೆ ಒಂದೇ ಪೈಸೆಯನ್ನು ತೆಗೆದಿಟ್ಟರೆ, 2,050 ಮೆಗಾವಾಟಿಗೆ ಮೂರು ಕೋಟಿ ರೂಪಾಯಿಗೆ ಮೇಲಾಗುತ್ತದೆ. ಅದನ್ನು ಆ ಐದು ಗ್ರಾಮಗಳ ಭೂಮಿಯಿಲ್ಲದ ಮನೆಗಳಿಗೆ, ಗೇಣಿ ಸಲ್ಲುವ ದಿನವೇ, ದಾನವೆಂದಲ್ಲ, ಹಕ್ಕಲೆಂದು ಸಲ್ಲಿಸಬಹುದು. ಆ ಪೈಸೆಯನ್ನು ಕೊಡತಕ್ಕವರು ದೂರದ ಪಟ್ಟಣಗಳಲ್ಲಿ ದೀಪ ಹೊತ್ತಿಸಿಕೊಳ್ಳುವವರು. ಆ ಶಕ್ತಿಯು ನಮ್ಮ ಮನೆಗೂ ಬರುವದಾದರೆ, ನಾವು ಸಹ.